ಇಲಿಯ ಪೂಜೆಯ ದಿನ ಆಡಿದ ಮಾತು

ವೀರೇಶ, ಆ ದಿನ ನಿಮ್ಮಕ್ಕ ಕೇಳಿದ್ದರು. ಕೇಳದೆ ಒಳಗೆ ಬಂದವರಲ್ಲ. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತು, ಒಳಗೆ ತರಲೇ ಎಂದು ಕೇಳಿದ್ದರು. ತನ್ನಿ ಎಂದವನು ನಾನು. ಅದಕ್ಕೂ ಮೊದಲು ಕಿಟಕಿ ಮುಚ್ಚಿದವನೂ ನಾನೇ. ನಿನ್ನ ಎರಡೂ ಕೈ ಸುಟ್ಟದ್ದು ಅಕ್ಕನ ಅವಸರದಿಂದ ಎಂದು ಏಳು ವರ್ಷದಿಂದ ನಂಬಿಕೊಂಡಿದ್ದೀಯಲ್ಲ — ಅದು ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಬದುಕಿ ಉಳಿದ ಸುಳ್ಳು.

ಮೊದಲೇ ಬರೆದುಬಿಟ್ಟೆ. ಹಿಂದೆ ಮೂರು ಸಲ ಬರೆಯಲು ಕೂತಿದ್ದೆ. ಪ್ರತಿ ಸಲವೂ ನಮ್ಮ ಗೆಳೆತನದಿಂದ ಶುರುಮಾಡಿ, ಹೇಳಬೇಕಾದಲ್ಲಿಗೆ ಬರುವಷ್ಟರಲ್ಲಿ ಧೈರ್ಯ ತೀರಿ ಹರಿದುಹಾಕಿದೆ. ಈಗ ಹೇಳಿಯಾಗಿದೆ. ಉಳಿದದ್ದರಲ್ಲಿ ನಿನಗೆ ಗೊತ್ತಿರುವುದೂ ಇದೆ. ಆದರೂ ಬರೆಯುತ್ತೇನೆ — ಒಂದಾದ ಮೇಲೊಂದರಂತೆ ನಾನೇ ಒಮ್ಮೆ ನೋಡಬೇಕಾಗಿದೆ.

ನಾನು ದುಮ್ಮವಾಡದಲ್ಲಿ ಇತಿಹಾಸ ಕಲಿಸುವ ಮಾಸ್ತರ. ನೀನು ಮಿಶ್ರಿಕೋಟಿ ಬಸ್ ನಿಲ್ದಾಣದ ಬಾಜು ರೇಡಿಯಂ ಅಂಗಡಿ ಇಟ್ಟವನು. ನೆರೆಯವರ ಬೈಕಿಗೆ ನಂಬರ್ ಪ್ಲೇಟ್ ಬರೆಸಲು ನಾನು ಬಂದಿದ್ದೆ. ನನ್ನ ಫೋನಿನ ಪರದೆಯ ಮೇಲಿದ್ದ ಚಿತ್ರ ನೋಡಿ ನೀನು, "ಇದೇನ್ರಿ ಸರ, ಮನಿಗೇ ಗಾಲಿ ಹಚ್ಯಾರಲ್ಲ?" ಅಂದಿದ್ದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನರು ಕಟ್ಟಿದ ಟ್ಯಾಂಕು, ನೂರಾ ಎಂಬತ್ತೆಂಟು ಟನ್ ಭಾರ, ಮಾಡಿದ್ದು ಎರಡೇ ಎರಡು ಎಂದು ನಾನು ಹೇಳಿದೆ. ಯಾವ ಸೇತುವೆಯೂ ಅದನ್ನು ತಾಳುತ್ತಿರಲಿಲ್ಲ. ಅದಕ್ಕೆ ನದಿಯ ತಳದಲ್ಲೇ ದಾಟಿಸುವ ಉಪಾಯ ಹೂಡಿದ್ದರು — ಒಂದು ಟ್ಯಾಂಕು ದಂಡೆಯ ಮೇಲೆ ನಿಂತು ಉದ್ದನೆಯ ಕೇಬಲ್ಲಿನಲ್ಲಿ ಕರೆಂಟು ಕಳಿಸಬೇಕು, ಇನ್ನೊಂದು ಆ ಕರೆಂಟಿನಿಂದ ನೀರಿನೊಳಗೆ ನಡೆಯಬೇಕು. ಅದರ ಚಿಕ್ಕ ಮಾದರಿ ಕಟ್ಟುವ ಆಸೆಯನ್ನೂ ಹೇಳಿಕೊಂಡೆ. ನೀನು ಕಟಿಂಗ್ ಮಷೀನು ನಿಲ್ಲಿಸಿ ಕೇಳುತ್ತಿದ್ದೆ. "ಹಂಗಾರ ಒಂದ ಮಾಡಿದ್ರ ನಡಿಯಂಗಿಲ್ರಿ. ನಾವು ಎರಡ ಮಾಡೂಣು" ಅಂದೆ. ನಾವು — ಪರಿಚಯವಾಗಿ ಕಾಲು ತಾಸೂ ಆಗಿರಲಿಲ್ಲ.

ಆ ಭಾನುವಾರಗಳು, ವೀರೇಶ! ಮಧ್ಯಾಹ್ನ ಬಸ್ಸಿಳಿದು ಅಂಗಡಿ ದಾಟಿ ಹಿಂದಿನ ಕೋಣೆಗೆ ಬಂದರೆ ನೀನು ಆಗಲೇ ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪಿನ ತುಂಡು ಸೀಳಿ ಒಲೆಯ ಮೇಲೆ ಕಾಯಿಸುತ್ತಿದ್ದೆ. ಮೆತ್ತಗಾದೊಡನೆ ಎರಡು ಚಪ್ಪಟೆ ಫರಶಿ ಕಲ್ಲಿನ ನಡುವೆ ಹಾಕಿ ಅದರ ಮೇಲೆ ನಾವಿಬ್ಬರೂ ಹತ್ತಿ ನಿಲ್ಲುತ್ತಿದ್ದೆವು. ತಣ್ಣಗಾದರೆ ಹಾಳೆ; ಹಾಳೆ ಕೊಯ್ದರೆ ಟ್ಯಾಂಕಿನ ಗೋಡೆ. ತೋಪಿಗೆ ಬಾಲ್‌ಪೆನ್ನಿನ ರೀಫಿಲ್ಲು. ಉಕ್ಕಿನ ಹಲಗೆ ಬೆಸೆದ ಗುರುತು ಕಾಣಿಸಲು ಅಕ್ಕನ ಹೊಲಿಗೆ ದಾರವನ್ನು ಅಂಟಿನಲ್ಲಿ ಅದ್ದಿ ಮೂಲೆಗುಂಟ ಕೂರಿಸುತ್ತಿದ್ದೆವು. ನನ್ನ ದಾರ ಸೊಟ್ಟ ಹೋಗುತ್ತಿತ್ತು. "ಮಾಸ್ತರ, ನೀವು ನಕ್ಷಾ ಓದ್ರಿ ಸಾಕು, ಕೈ ಹಚ್ಚಬ್ಯಾಡ್ರಿ" ಎಂದು ಬೈಯುತ್ತ ನೀನು ಅದನ್ನೇ ಬಿಚ್ಚಿ ಮತ್ತೆ ಕೂರಿಸುತ್ತಿದ್ದೆ. ಆ ಬೆರಳುಗಳು — ಇಲ್ಲ, ಅದರ ಬಗ್ಗೆ ಈಗಲೇ ಬರೆಯಲಾರೆ.

ಗಂಡ ತೀರಿಕೊಂಡ ಮೇಲೆ ಅಕ್ಕ ನಿನ್ನ ಮನೆಗೇ ಬಂದಿದ್ದರು. ಚಹಾ ಹಿಡಿದು ಬಂದವರು ನಮ್ಮ ಕೆಲಸ ನೋಡುತ್ತ ನಿಂತುಬಿಡುತ್ತಿದ್ದರು. ಈ ಟ್ಯಾಂಕಿಗೆ ಜರ್ಮನರು ಇಟ್ಟ ಹೆಸರಿನ ಅರ್ಥ ಇಲಿ ಎಂದು ನಾನು ಹೇಳಿದ ದಿನ ನೆನಪಿದೆಯೇ?

"ಇಷ್ಟ ದೊಡ್ಡದಕ್ಕ ಇಲಿ ಅಂತಾರಾ? ಹಂಗಾರ ಗಣಪ್ಪ ಕುಂಡ್ರಾಕ ಮ್ಯಾಲ ಜಾಗಾ ಬಿಟ್ಟೀರಿಲ್ಲ?" ಅಂದಿದ್ದರು.

"ಇದರಕಿಂತ ದೊಡ್ಡದ ಐತಿ ಅಕ್ಕಾ. ಸಾವಿರ ಟನ್ನಿಂದು. ಅದರ ಹೆಸರ ಹೆಗ್ಗಣ. ನಕ್ಷಾದಾಗ ಉಳೀತು, ಕಟ್ಟಲಿಲ್ಲ. ಮುಂದ ನಾವ ಕಟ್ಟಾವ್ರು" ಎಂದು ನೀನು ಕೈ ಅಗಲಿಸಿ ತೋರಿಸಿದ್ದೆ. ನಮ್ಮ ಅಳತೆಯಲ್ಲಿ ಇಲಿ ಒಂದು ಗೇಣಿಗಿಂತ ತುಸು ಉದ್ದವಾದರೆ ಹೆಗ್ಗಣ ಒಂದು ಮೀಟರ್ ಆಗುತ್ತಿತ್ತು.

"ಕಟ್ರೆಪಾ, ಕಟ್ರಿ. ನಾ ಎರಡಕ್ಕೂ ಇಲಿ ಬೋನ ತಂದಿಡ್ತೇನಿ" ಅಂದು ನಕ್ಕು, ಆಮೇಲೆ ನನ್ನನ್ನು ಕೇಳಿದ್ದರು: "ಖರೇ ಹೇಳ್ರಿ ತಮ್ಮಾ, ಈ ಇಲಿ ಎಷ್ಟ ಮಂದೀನ್ನ ಕೊಂದೈತಿ?"

"ಒಬ್ರನ್ನೂ ಇಲ್ರಿ ಅಕ್ಕಾ. ಇದು ತಯಾರಾಗಿ ಹೊರಗ ಬರೂದರಾಗ ಯುದ್ಧನ ಮುಗೀತು."

"ಹಂಗಾರ ಛಲೋ ಆತು. ಖಂಡೇ ಪೂಜಿ ದಿನ ಇದಕ್ಕೂ ಕುಂಕುಮ ಹಚ್ಚಾಕ ಅಡ್ಡಿ ಇಲ್ಲ."

ಹೀಗೆ ಬಂತು ಆ ಆಯುಧಪೂಜೆ.

ಮಹಾನವಮಿಯ ದಿನ ನೀನು ಅಂಗಡಿಯ ಮುಂದೆ ಬೈಕು ತೊಳೆಯುತ್ತಿದ್ದೆ. ಮಷೀನಿಗೆ, ಕತ್ತರಿಗಳಿಗೆ, ಬೈಕಿಗೆ ಪೂಜೆಯಾಗಿ ಕೊನೆಗೆ ಇಲಿಗಳಿಗೆ ಆಗಬೇಕಿತ್ತು. ಹಿಂದಿನ ಕೋಣೆಯಲ್ಲಿ ನಾನೊಬ್ಬನೇ. ಪೂಜೆಯ ಹೊತ್ತಿಗೆ ಎರಡನೆಯ ಇಲಿಯ ಬಣ್ಣವೂ ಮುಗಿಯಲಿ ಎಂದು ಹಟ ಹಿಡಿದು ಸ್ಪ್ರೇ ಹೊಡೆಯುತ್ತಿದ್ದೆ. ಅದು ನನ್ನದು, ಮೊದಲನೆಯದು ನಿನ್ನದು. ನಿನ್ನದರ ಪಕ್ಕದಲ್ಲಿ ನನ್ನದು ಬಣ್ಣವಿಲ್ಲದೆ ನಿಲ್ಲುವುದು ನನಗೆ ಬೇಕಿರಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ.

ಹಿತ್ತಲಾಚೆ ಯಾರದೋ ಕಣದಲ್ಲಿ ಸೋಯಾಬೀನ್ ಒಕ್ಕಣೆ ನಡೆದಿತ್ತು. ಮಷೀನಿನ ಹೊಟ್ಟು ಹೊಗೆಯಂತೆ ಎದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಹಸಿ ಬಣ್ಣದ ಮೇಲೆ ಒಂದು ಎಳೆ ಕೂತರೂ ಕೆಟ್ಟಿತು. ನೀನು ಗೋಡೆಯ ಮೇಲೆ ಕೆಂಪು ರೇಡಿಯಂ ಅಕ್ಷರ ಅಂಟಿಸಿದ್ದೆ — ಥಿನ್ನರ್ ತೆರೆದಾಗ ಕಿಟಕಿ ತೆರೆದಿರಲಿ, ಬೆಂಕಿ ದೂರ ಇರಲಿ. ನಾನು ದಿನವೂ ಮಕ್ಕಳಿಗೆ ಓದಿ ಅರ್ಥ ಹೇಳುವವನು. ಅದನ್ನು ಓದಿಕೊಂಡೇ ಕಿಟಕಿ ಮುಚ್ಚಿದೆ. ಚಿಲಕವನ್ನೂ ಹಾಕಿದೆ. ಬಣ್ಣಕ್ಕೆ ಬೆರೆಸುವ ಥಿನ್ನರಿನ ಡಬ್ಬಿ ಮೇಜಿನ ಕೆಳಗೆ ಬಾಯಿ ತೆರೆದೇ ಇತ್ತು. ಸ್ಪ್ರೇ ಗನ್ನು ಒರೆಸಿದ ಅರಿವೆಗಳು ಅದರ ಸುತ್ತ ಬಿದ್ದಿದ್ದವು. ತಲೆ ಹಗುರವಾಗಿ ತಿರುಗುತ್ತಿತ್ತು. ಅದು ಹಬ್ಬದ ಖುಷಿ ಎಂದುಕೊಂಡೆ.

ಬಾಗಿಲು ತುಸು ತೆರೆಯಿತು. ಹೊರಗಿನ ಪೂಜೆ ಮುಗಿಸಿ ಬಂದ ಅಕ್ಕ ಹೊಸ್ತಿಲಾಚೆಯೇ ನಿಂತಿದ್ದರು. ತಟ್ಟೆಯಲ್ಲಿ ಕರ್ಪೂರ ಹೊತ್ತಿಕೊಂಡಿತ್ತು.

"ತಮ್ಮಾ, ಬಣ್ಣದ ವಾಸನಿ ಭಾಳ ಐತಲ್ರಿ. ಆರತಿ ಒಳಗ ತರ್ಲೇನು? ಏನಾರ ಆಗಿ ಗೀಗಿ..."

ನಾನು ತಲೆ ಎತ್ತಿ ನೋಡಲೂ ಇಲ್ಲ. ತೆರೆದ ಬಾಗಿಲಿನಿಂದ ಹೊಟ್ಟು ಬರುವುದಷ್ಟೇ ನನ್ನ ಚಿಂತೆಯಾಗಿತ್ತು. ಹೇಳಿದ್ದು ಇದು — ಏಳು ವರ್ಷದಲ್ಲಿ ಒಂದಕ್ಷರವೂ ಮಾಸಿಲ್ಲ:

"ಏನೂ ಆಗಂಗಿಲ್ಲ ಅಕ್ಕಾ, ಲಗೂನ ಬಂದು ಬಾಗಲಾ ಹಾಕ್ಕೋರಿ. ಧೂಳ ಬರ್ತೈತಿ."

ಅವರು ಬಂದರು. ಬಾಗಿಲು ಹಾಕಿಕೊಂಡರು. ಮೇಜಿನ ಮುಂದೆ ಬಗ್ಗಿದರು.

ಸದ್ದು ದೊಡ್ಡದೇನಲ್ಲ. ಭಪ್ ಎಂದು — ಯಾರೋ ತಲೆದಿಂಬು ಎತ್ತಿ ಹಾಕಿದಂತೆ. ಆಮೇಲೆ ನೆಲದ ಮೇಲೆ ನೀಲಿ ನೀರು ಹರಿಯಿತು. ನೀರೆಂದೇ ಅನಿಸಿತ್ತು ನನಗೆ — ಅದು ಅರಿವೆಗಳನ್ನು ಮುಟ್ಟಿ ಹಳದಿಯಾಗಿ ಮೇಲೇಳುವವರೆಗೆ. ಅಕ್ಕ ತಟ್ಟೆ ಹಿಡಿದೇ ನಿಂತಿದ್ದರು. ಅವರ ಸೀರೆಯ ಅಂಚಿಗೂ ಬೆಂಕಿಗೂ ಒಂದು ಮೊಳ ಅಂತರ. ಅವರು ನನಗೆ ಹತ್ತಿರವಿದ್ದರು, ಕೈ ಚಾಚಿದರೆ ಸಿಗುವಷ್ಟು. ನಾನು ಕೈ ಚಾಚಿದೆ — ಆದರೆ ಮೇಜಿನ ಕಡೆಗೆ. ಬಾಗಿಲು ತೆರೆದು ಅಂಗಳಕ್ಕೆ ಬಂದು ಬಿದ್ದಾಗ ನನ್ನ ಕೈಯಲ್ಲಿ ಇಲಿಯ ತಲೆ ಇತ್ತು. ತೋಪು ಕೂರುವ ಆ ಮೇಲಿನ ಭಾಗ, ನಾನು ಬಣ್ಣ ಹಚ್ಚಿದ್ದು. ಅಕ್ಕ ಇನ್ನೂ ಒಳಗಿದ್ದರು.

ನೀನು ನನ್ನನ್ನು ದಾಟಿಕೊಂಡು ಓಡಿದೆ. ಅಕ್ಕನ ರೆಟ್ಟೆ ಹಿಡಿದು ಹೊರಗೆ ದಬ್ಬಿದೆ. ನಿನಗೆ ಅಷ್ಟಕ್ಕೇ ಸಾಕೆನಿಸಲಿಲ್ಲ. ಗೋಡೆಯಾಚೆ ಅಡಿಗೆಮನೆ, ಅಲ್ಲಿ ಸಿಲಿಂಡರು. ಉರಿಯುವ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಹಿತ್ತಲಿಗೆ ಎಸೆದೆ. ಎಸೆಯುವಾಗ ಅದು ತುಳುಕಿತು. ಅಷ್ಟನ್ನೂ ನಾನು ನಿಂತು ನೋಡಿದೆ. ಈಗಲೂ ತರಗತಿಯಲ್ಲಿ ಪಾಠದ ನಡುವೆ ಒಮ್ಮೊಮ್ಮೆ ಆ ತುಳುಕು ಕಾಣುತ್ತದೆ. ಪ್ರತಿ ಸಲವೂ ಅದನ್ನು ಸಿನಿಮಾ ರೀಲಿನಂತೆ ಹಿಂದಕ್ಕೆ ತಿರುಗಿಸುತ್ತೇನೆ. ಡಬ್ಬಿ, ಅರಿವೆ, ಕರ್ಪೂರ, ಬಾಗಿಲು. ಬಾಗಿಲಲ್ಲಿ ಅಕ್ಕ. ಅಲ್ಲಿ ನನ್ನ ಬಾಯಿಂದ ಬೇರೆ ಮಾತು ಬರಲೆಂದು ಕಾಯುತ್ತೇನೆ. ಬರುವುದಿಲ್ಲ.

ಮರುದಿನ ವಿಜಯದಶಮಿ, ಬನ್ನಿ ಹಂಚುವ ಹಬ್ಬ. ಹುಬ್ಬಳ್ಳಿಯ ದವಾಖಾನೆಗೂ ಜನ ಬನ್ನಿ ಎಲೆ ಹಿಡಿದು ಬಂದರು. ನಿನ್ನ ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಬಂದವರೆಲ್ಲ ಎಲೆಯನ್ನು ನಿನ್ನ ದಿಂಬಿನ ಮೇಲಿಟ್ಟು, ಬಂಗಾರದಂತೆ ಇರೋಣ ಎಂದು ಹೇಳಿ ಹೋದರು. ನಾನೂ ಇಟ್ಟೆ. ನಾನೂ ಹಾಗೆಯೇ ಅಂದೆ.

ಅವರು ಹೋದ ಮೇಲೆ ನಾವು ಮೂವರೇ ಉಳಿದೆವು. ಅಕ್ಕ ಮೋಸಂಬಿ ಸುಲಿಯುತ್ತಿದ್ದರು. ನೀನು ಕಣ್ಣು ಮುಚ್ಚಿಕೊಂಡೇ, "ಅಕ್ಕಾ, ಒಂದ ಮಾತ ಕೇಳಿ ಒಳಗ ಬರಬಾರದಿತ್ತೇನು? ಗ್ವಾಡಿಮ್ಯಾಲ ಅಷ್ಟ ದೊಡ್ಡದಾಗಿ ಬರದು ಅಂಟಿಸಿದ್ನಲ್ಲ" ಅಂದೆ.

ಅಕ್ಕ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಈಗ ನೀವು ಹೇಳುತ್ತೀರಿ ಎಂಬ ನಂಬಿಕೆ ಇತ್ತು, ಅಷ್ಟೇ. ಕಾದರು. ಸುಲಿಯುವ ಕೈ ನಿಂತಿತ್ತು. ನಾನು ದಿಂಬಿನ ಮೇಲಿನ ಎಲೆಗಳನ್ನು ನೋಡುತ್ತ ನಿಂತೆ.

"ಗಡಿಬಿಡಿಯೊಳಗ ಲಕ್ಷ್ಯ ಹೋಗಲಿಲ್ಲೋ ಯಪ್ಪಾ. ನಂದ ತಪ್ಪು" ಎಂದು ಅವರು ನಿನ್ನ ಬಾಯಿಗೆ ಒಂದು ತೊಳೆ ಇಟ್ಟರು.

ಹೊರಗೆ ಪಡಸಾಲೆಯಲ್ಲಿ ನಾನು ಅವರ ಬೆನ್ನು ಹತ್ತಿದೆ. "ಅಕ್ಕಾ, ನಾ ಅವಗ ಹೇಳ್ತೇನ್ರಿ..." ಅಂದೆ. ಅವರು ನಿಲ್ಲದೆ ಹೇಳಿದರು: "ಈಗ ಬ್ಯಾಡ್ರಿ. ಇಂಥಾ ಹೊತ್ತಿನ್ಯಾಗ ಅವಗ ಬಾಜು ಕುಂಡ್ರಾಕ ಒಬ್ಬ ಗೆಳೆಯಾರ ಇರ್ಲಿ. ಅವನ್ನ ಬಿಟ್ಟ ಅಕ್ಕ ಅನ್ನಾಕಿ ಎಲ್ಲಿ ಹೋದಾಳು?"

ಈಗ ಬೇಡ ಎಂದಿದ್ದರು. ಅದನ್ನು ನಾನು ಎಂದೂ ಬೇಡ ಎಂದು ಮಾಡಿಕೊಂಡೆ. ಅದು ಅನುಕೂಲವಾಗಿತ್ತು — ಅಕ್ಕನೇ ಬೇಡವೆಂದರಲ್ಲ, ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ನೀನು ಮನೆಗೆ ಬಂದ ಮೇಲೆ ಹೇಳಬಹುದಿತ್ತು. ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ, ನೀನು ಅಕ್ಕನ ಕೈಯಿಂದ ಊಟ ಮಾಡಲು ಒಲ್ಲೆನೆಂದ ದಿನ, ಹಿಂದಿನ ಕೋಣೆಗೆ ಅಕ್ಕ ಕಾಲಿಡಬಾರದೆಂದು ಬೀಗ ಹಾಕಿದ ದಿನ — ಯಾವ ದಿನವಾದರೂ. ಆ ದಿನಗಳಲ್ಲೆಲ್ಲ ನಾನು ನಿನ್ನ ಪಕ್ಕದಲ್ಲೇ ಇದ್ದೆ. ನಿನಗೆ ಚಹಾದ ಕಪ್ಪು ಹಿಡಿದು ಕುಡಿಸುತ್ತಿದ್ದೆ. ಎಂಥ ಗೆಳೆಯ ಎಂದು ಊರು ಹೊಗಳುತ್ತಿತ್ತು. ಆಮೇಲೆ ಮೆಲ್ಲಗೆ ಬರುವುದನ್ನೇ ಕಡಿಮೆ ಮಾಡಿದೆ.

ಕಡಿಮೆ ಮಾಡಿದ್ದು ಬರುವುದನ್ನು, ಹಂಬಲಿಸುವುದನ್ನಲ್ಲ. ಭಾನುವಾರ ಮಧ್ಯಾಹ್ನವಾದರೆ ಇಂದಿಗೂ ಕಾಲುಗಳು ಬಸ್ ನಿಲ್ದಾಣದ ಕಡೆ ಎಳೆಯುತ್ತವೆ. ಎಲ್ಲೋ ಗದ್ದೆಯಲ್ಲಿ ಪೈಪು ಬಾಗಿಸಲು ಕಾಯಿಸಿದ ವಾಸನೆ ಬಂದರೆ ನಿಂತುಬಿಡುತ್ತೇನೆ. ಹೆಗ್ಗಣದ ನಕ್ಷೆ ಸಿಕ್ಕಿದೆ, ವೀರೇಶ. ನಾಲ್ಕು ಮಗ್ಗಲಿನದೂ. ಸಿಕ್ಕ ದಿನ ನಿನಗೆ ಫೋನು ಮಾಡಲು ಹೆಸರು ಒತ್ತಿ, ಗಂಟೆ ಬಾರಿಸುವ ಮೊದಲೇ ಕಡಿದೆ. ಯಾವ ಬಾಯಿಂದ ಹೇಳಲಿ, ಯಾವ ಕೈಯಿಂದ ಕಟ್ಟು ಎನ್ನಲಿ?

ಹೋದ ವಾರ ಚಹಾದಂಗಡಿಯಲ್ಲಿ ಸಿಕ್ಕಾಗ ನೀನು ಹೇಳಿದೆ — ಬರುವ ಶುಕ್ರವಾರ ಅಕ್ಕ ಮನೆ ಬಿಡುತ್ತಾಳೆ, ತಂಬೂರ ಊರಿನಲ್ಲಿರುವ ಗಂಡನ ಕಡೆಯವರ ಮನೆಗೆ, ಇನ್ನು ಅಲ್ಲೇ. ಯಾಕೆ ಎಂದು ನಾನು ಕೇಳಿದೆ. "ಹೋಗ್ಲಿ ಬಿಡ್ರಿ ಮಾಸ್ತರ. ಆಕಿ ಮಾರಿ ನೋಡಿದ್ರ ನನಗ ಕೈ ನೆನಪಾಗ್ತೈತಿ. ಅದು ಆಕಿಗೂ ಗೊತ್ತಾಗೇತಿ" ಅಂದೆ. ನನ್ನ ಮುಖ ನೋಡುತ್ತಲೇ ಅಂದೆ. ನನ್ನ ಮುಖ ನೋಡಿದರೆ ನಿನಗೆ ಏನೂ ನೆನಪಾಗುವುದಿಲ್ಲ. ನಕ್ಕು, ಬಿಲ್ಲನ್ನೂ ನೀನೇ ಕೊಟ್ಟು, ಬರ್ತಿರ್ರಿ ಎಂದು ಎದ್ದುಹೋದೆ.

ಅಕ್ಕ ಏಳು ವರ್ಷ ಆ ಮನೆಯಲ್ಲಿ ನನ್ನ ಜಾಗದಲ್ಲಿ ನಿಂತಿದ್ದರು. ಒಂದು ಸಲವೂ ನನ್ನ ಹೆಸರು ಎತ್ತಲಿಲ್ಲ. ಎದುರು ಸಿಕ್ಕಾಗ, "ಆರಾಮ ಅದೀರಿಲ್ರಿ ತಮ್ಮಾ?" ಎಂದು ಮೊದಲಿನಂತೆಯೇ ಕೇಳಿದರು. ಆರಾಮ್ರಿ ಎಂದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನೀನೊಬ್ಬನೇ ಓದುತ್ತೀ. ಅಕ್ಕನಿಗೆ ಯಾರೂ ಏನೂ ಹೇಳದೆ ಶುಕ್ರವಾರ ಬಂದುಬಿಡಬಹುದು. ಗುರುವಾರ ಶಾಲೆ ಬಿಟ್ಟೊಡನೆ ಬರುತ್ತೇನೆ. ನಿಮ್ಮಿಬ್ಬರನ್ನೂ ಕೂರಿಸಿ ನಾನೇ ಓದುತ್ತೇನೆ. ಕೊನೆಯ ಸಾಲಿನವರೆಗೂ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಒಂದೇ ಕೇಳಿಕೊಳ್ಳುತ್ತೇನೆ: ಓದಿ ಮುಗಿದ ಮೇಲೆ ನನ್ನ ಕಡೆ ತಿರುಗಬೇಡ. ಬೈಯುವುದಿದ್ದರೂ ಆಮೇಲೆ. ಮೊದಲು ಅಕ್ಕನನ್ನು ಮಾತಾಡಿಸು.

ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಒಳಗೆ ನೀವು ಎಷ್ಟು ಹೊತ್ತು ಮಾತಾಡಿದರೂ ಕೂತಿರುತ್ತೇನೆ. ಕರೆದರೆ ಬರುತ್ತೇನೆ. ಕರೆಯದಿದ್ದರೆ, ದುಮ್ಮವಾಡದ ಬಸ್ಸಿಗೆ ಕೈ ಮಾಡುತ್ತೇನೆ.