ಮಿಸ್ತ್ರಿ ಕಾಕಾ ಹೊರಗೆ ನಿಂತ ದಿನ

ಮೊನ್ನೆ ಧಾರವಾಡದ ಸಪ್ತಾಪುರದ ತಿರುವಿನಲ್ಲಿ ಯಾರದೋ ಹಳೆಯ ಸ್ಕೂಟರ್ ಕೆಟ್ಟು ನಿಂತಿತ್ತು. ಸೋರುತ್ತಿದ್ದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ಮಿಸ್ತ್ರಿ ಕಾಕಾ ನೆನಪಾದರು. ಜೊತೆಗೆ, ಐದು ವರ್ಷದಿಂದ ಒಳಗೇ ಕುದಿಯುತ್ತಿರುವ ಸಿಟ್ಟೂ...

ನಮ್ಮ ಓಣಿಯ ಮೂಲೆಯ ಹುಣಸೆಮರದ ಕೆಳಗೆ ಅವರ ಗ್ಯಾರೇಜು. ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದಾಗಿನಿಂದ ನನ್ನ ಸ್ಕೂಟರನ್ನು ಬೇರೆ ಯಾರೂ ಬಿಚ್ಚಿರಲಿಲ್ಲ. ಓಣಿ ತಿರುಗುವಾಗಲೇ ಸದ್ದು ಕೇಳಿ, "ಅಕ್ಕಾರ, ಪ್ಲಗ್ ಹೋಗೇತಿ, ಬರ್ರಿ" ಎನ್ನುತ್ತಿದ್ದರು. ನಲವತ್ತು ವರ್ಷ ಗಾಡಿಗಳ ಹೊಗೆ ಕುಡಿದ ಎದೆ. ಎರಡು ಮಾತಿಗೊಮ್ಮೆ ಕೆಮ್ಮು.

ಬ್ಯಾಟರಿ ಗಾಡಿಗಳು ಬಂದಾಗ ಉಳಿದ ಮಿಸ್ತ್ರಿಗಳೆಲ್ಲ ಬೈದಾಡಿದರು. ಇವರು ಮಾತ್ರ, "ಬರ್ಲಿ ಬಿಡ್ರಿ. ಈ ಹೊಗಿ ನನ್ನ ಎದಿ ತಿಂದೈತಿ, ಸಣ್ಣ ಮಕ್ಕಳ ಎದಿ ಉಳೀಲಿ. ನಾನೂ ಕಲೀತೇನಿ" ಎಂದರು.

ನಾನು ಬ್ಯಾಟರಿ ಸ್ಕೂಟರ್ ಕೊಂಡ ದಿನ ಅವರನ್ನೂ ಹುಬ್ಬಳ್ಳಿಯ ಶೋರೂಮಿಗೆ ಕರೆದುಕೊಂಡು ಹೋದೆ. ಅಲ್ಲಿ ರಿಪೇರಿ ಕಲಿಸುತ್ತಾರೆಂದು ಕೇಳಿದ್ದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಉಗುರಿನ ಸಂದಿಯ ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಒಂದು ಗಾಡಿಯ ಸೀಟು ಎತ್ತಿ ಒಳಗೆ ಬಗ್ಗಿ ನೋಡಿದರು, ಅಷ್ಟೇ.

"ಏ ಮುದುಕಾ, ಕೈ ತಗಿ!" ಎಂದು ಮ್ಯಾನೇಜರ್ ಕೂಗಿದ. ನನ್ನ ವಿದ್ಯಾರ್ಥಿಗಳ ವಯಸ್ಸಿನವನು.

ಕಾಕಾ ಕೈ ಹಿಂದಕ್ಕೆಳೆದುಕೊಂಡರು. "ಕಲಿಯಾಕ ಬಂದೇನ್ರಿ ಸಾಹೇಬ್ರ. ಕಸಾ ಹೊಡೆದಾದ್ರೂ ನಿಂತು ನೋಡ್ತೇನ್ರಿ."

"ಹತ್ತನೇ ಪಾಸ್ ಆಗಿಯೇನು? ಇದು ಪಾನಾ-ಸ್ಪ್ಯಾನರ್ ಹಿಡಿಯೋರ ಕೆಲಸ ಅಲ್ಲ. ಹೊರಗ ನಿಂದ್ರು."

ಅವರು ಹೋಗಿ ಬಿಸಿಲಲ್ಲಿ ನಿಂತರು. ನಾನು? ತರಗತಿಯಲ್ಲಿ ಮನುಷ್ಯನ ಘನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವವಳು, ಗಾಡಿಗೆ ಹಾರ ಹಾಕಿಸಿ, ಕೀಲಿ ಹಿಡಿದು ಫೋಟೋಕ್ಕೆ ನಿಂತೆ.

ಮರಳುವಾಗ ಕಾಕಾ ನನ್ನ ಹಿಂದೆ ಕೂತಿದ್ದರು. ಧಾರವಾಡ ಮುಟ್ಟಿ ಇಳಿದ ಮೇಲೆ, "ಖರೇನ ಸಪ್ಪಳಿಲ್ಲ ನೋಡ್ರಿ. ಛಲೋ ಐತಿ" ಎಂದರು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ವರ್ಷದೊಳಗೆ ಗ್ಯಾರೇಜು ಮುಚ್ಚಿತು. ಮರುವರ್ಷದ ಚಳಿಯಲ್ಲಿ, ಅದೇ ಕೆಮ್ಮಿನಲ್ಲಿ, ಅವರೂ ಹೋದರು...

ಗಾಡಿಗಳು ಬದಲಾಗಲೇಬೇಕಿತ್ತು. ಆದರೆ ಅವುಗಳನ್ನು ಇಷ್ಟು ಕಾಲ ಓಡುವಂತೆ ಇಟ್ಟ ಕೈಗಳನ್ನೂ ಹೊಗೆಯ ಜೊತೆ ಹೊರಗೆಸೆಯಿರಿ ಎಂದು ಯಾರು ಹೇಳಿದ್ದರು?

ಅದೇ ಸಿಟ್ಟಿನಲ್ಲಿ ಮೊನ್ನೆ ನೇರ ಹುಬ್ಬಳ್ಳಿಗೆ ಹೋದೆ. ಶೋರೂಮಿನ ಗಾಜಿಗೆ 'ಅನುಭವಿ ಮೆಕ್ಯಾನಿಕ್‌ಗಳು ಬೇಕಾಗಿದ್ದಾರೆ' ಎಂಬ ಹಾಳೆ ಅಂಟಿಸಿದ್ದರು. ಅದೇ ಮ್ಯಾನೇಜರ್ ನಗುತ್ತ ಎದ್ದು ಬಂದ.

"ಅವತ್ತ ನೀವು ಆ ಹಿರ್ಯಾರಿಗೆ ಹಂಗ ಅನ್ನಬಾರದಿತ್ತು" ಎಂದೆ.

ಅವನು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ. ಆಮೇಲೆ, "ಯಾರಿಗ್ರಿ, ಮೇಡಂ?" ಎಂದ.

"ಇವರಿಗೆ" ಎಂದು ತೋರಿಸಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.