ಗುರುಗ್ರಹ ಸರಿಸುವ ಗೌತಮಿ ಅಕ್ಕೋರು

ಮನಗೂಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಗೌತಮಿ ಅಕ್ಕೋರಿಗೆ ಗುರುಗ್ರಹವನ್ನು ಕಂಡರಾಗದು. ತಮ್ಮ ಮೊಬೈಲಿನ ನೆಟ್ಟನ್ನು ಶಾಲೆಯ ಕಂಪ್ಯೂಟರಿಗೆ ಕೊಟ್ಟು ಸೌರಮಂಡಲದ ಸಿಮ್ಯುಲೇಟರ್ ತೆರೆದರೆಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ನಿಲ್ಲುವುದು. ಯಾವ ಗ್ರಹವನ್ನು ಬೇಕಾದರೂ ಮೌಸಿನಿಂದ ಎಳೆದು ಬೇರೆ ಕಕ್ಷೆಗೆ ಹಾಕಬಹುದಾದ ಆಟ ಅದು. ಶನಿಯ ಬಳೆಗಳಿಗೆ ಮಕ್ಕಳು ಬಾಯಿ ತೆರೆದರೆ, "ಚಂದ ಐತಿ, ಸಾಕು, ಮುಂದ ನಡೀರಿ" ಎಂದು ಗದರಿ, ಗುರುವನ್ನು ಕಿವಿ ಹಿಡಿದು ತಂದಂತೆ ಸೂರ್ಯನ ಹತ್ತಿರಕ್ಕೆ ಎಳೆಯುತ್ತಾರೆ. ಪರದೆಯ ಮೇಲೆ ಭೂಮಿ ತೂರಾಡುತ್ತದೆ, ಮಂಗಳ ಎತ್ತಲೋ ಹಾರಿಹೋಗುತ್ತದೆ. "ನೋಡ್ರಿ, ದೊಡ್ಡಾಂವ ಜಾಗಾ ಬದ್ಲಿ ಮಾಡಿದ್ರ ಸಣ್ಣಾವ್ರನ್ನ ಯಾರೂ ಕೇಳೂದಿಲ್ಲ." ಈ ಮಾತು ಕೇಳದೆ ಆ ಶಾಲೆಯಿಂದ ಯಾರೂ ಪಾಸಾಗಿ ಹೋಗಿಲ್ಲ. ಈ ಒಂದು ವರ್ಷದಲ್ಲೇ ಅವರು ಭೂಮಿಯನ್ನು ಎಷ್ಟು ಸಲ ಹಾಳು ಮಾಡಿದರೋ ಲೆಕ್ಕವಿಲ್ಲ. ತಪಾಸಣೆಗೆ ಬಂದ ಸಾಹೇಬರು, "ಇದೆಲ್ಲಾ ಪುಸ್ತಕದಾಗ ಐತೇನ್ರಿ?" ಎಂದರೆ, "ಡ್ಯಾಮಿನ ನೀರಾಗ ಮುಳುಗಿದ ನಮ್ಮೂರು ಹಳೇ ಕೊಲ್ಹಾರನೂ ಪುಸ್ತಕದಾಗ ಇಲ್ರಿ" ಎಂದು ಅವರ ಚಹಾ ಆರಿಸಿಬಿಟ್ಟರು. ಮೊನ್ನೆ ಭುವನೇಶ್ವರಿ ಎಂಬ ಹುಡುಗಿ, "ಅಕ್ಕೋರ, ಹೋದ ಮಂಗಳ ತಿರುಗಿ ಬರೂದಿಲ್ಲೇನ್ರಿ?" ಎಂದು ಕೇಳಿದಳು. "ಆಟದಾಗ ಬರ್ತದವಾ" ಎಂದು ಅಕ್ಕೋರು ಪರದೆಯ ಮೂಲೆಯಲ್ಲಿದ್ದ, ಆಟವನ್ನು ಮೊದಲಿನಂತೆ ಮಾಡುವ ಗುಂಡಿ ಒತ್ತಿದರು. ಎಲ್ಲ ಗ್ರಹಗಳೂ ಏನೂ ಆಗದವರಂತೆ ತಮ್ಮ ತಮ್ಮ ದಾರಿಗೆ ಬಂದವು, ಮಕ್ಕಳು ಚಪ್ಪಾಳೆ ತಟ್ಟಿದರು. ಕೃಷ್ಣೆಯ ಹಿನ್ನೀರು ಇಳಿಯುವ ಪ್ರತಿ ಬೇಸಿಗೆಯಲ್ಲಿ ಇದೇ ಅಕ್ಕೋರು ಹಳೇ ಕೊಲ್ಹಾರಕ್ಕೆ ಹೋಗುತ್ತಾರೆ. ಗೋಡೆಗಳಿಲ್ಲದ ತಮ್ಮ ಮನೆಯ ಹೊಸ್ತಿಲಿನ ಕೆಸರು ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಅದನ್ನು ದಾಟದೆ ತಿರುಗಿ ಬರುತ್ತಾರೆ.