ಆಲೆಮನೆಯಲ್ಲಿ ರಾಗಿ ಬಿಯರು

ಬಿಯರ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಏಳೆಂಟು ವರ್ಷ ಕೆಲಸ ಮಾಡಿದೆ. ಯೀಸ್ಟು ಬೆಳೆಸುವುದು, ಬಂದ ಬಾರ್ಲಿಯನ್ನು ಪರೀಕ್ಷಿಸುವುದು, ಪ್ರತಿ ತೊಟ್ಟಿಯಿಂದ ಒಂದೊಂದು ಗುಟುಕು ಬಾಯಿಗೆ ಹಾಕಿಕೊಂಡು ರುಚಿ ಹೇಳುವುದು ನನ್ನ ಪಾಲಿನ ಕೆಲಸ. ಅಲ್ಲಿರುವಾಗಲೇ ಕಾಯಿಲೆ ಶುರುವಾಯಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಬಾಯಿ ತುಂಬ ಹುಣ್ಣು, ಹೊಟ್ಟೆ ಸದಾ ಉಬ್ಬರ, ತಲೆ ಬಾಚಿದರೆ ಕೈತುಂಬ ಕೂದಲು. ರಕ್ತ ಕಮ್ಮಿ ಎಂದು ಒಬ್ಬ ಡಾಕ್ಟರು, ಟೆನ್ಷನ್ ಎಂದು ಇನ್ನೊಬ್ಬರು. ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಕರುಳಿನ ಪರೀಕ್ಷೆ ಮಾಡಿಸಿ, ಗೋಧಿ ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಅಂಟು ನನ್ನ ಕರುಳಿಗೆ ಆಗುವುದಿಲ್ಲ, ಅದನ್ನು ಜೀವನಪೂರ್ತಿ ಮುಟ್ಟಬಾರದು ಎಂದರು.

ಚಪಾತಿ, ಉಪ್ಪಿಟ್ಟು, ಶಾವಿಗೆ ಪಾಯಸ ಎಲ್ಲ ಹೋಯಿತು. ರೈಲಿನಲ್ಲಿ ಮದ್ದೂರು ವಡೆಯ ಬುಟ್ಟಿ ಹತ್ತಿರ ಬಂದರೆ ಮುಖ ಕಿಟಕಿಯ ಕಡೆ ತಿರುಗಿಸುವ ಹಾಗಾಯಿತು. ಡಬ್ಬಿಯ ಇಂಗಿನಲ್ಲೂ ಗೋಧಿಹಿಟ್ಟು ಇರುತ್ತದೆಂದು ಗೊತ್ತಾದ ಮೇಲೆ ನೆಂಟರ ಮನೆಯ ಸಾರೂ ನಿಂತಿತು. ಅನ್ನ, ಮುದ್ದೆ ಮಾತ್ರ ಉಳಿದವು. ಕಾರ್ಖಾನೆಯವರು ನನ್ನನ್ನು ಲ್ಯಾಬಿನಿಂದ ತೆಗೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ಗಾಜಿನ ಆಚೆ ಬೇರೆಯವರು ನನ್ನ ಯೀಸ್ಟನ್ನು ನೋಡಿಕೊಳ್ಳುವುದನ್ನು ಕಂಡು ಕೂತಿರಲು ಆಗದೆ ಕೆಲಸ ಬಿಟ್ಟೆ.

ಬಿಡುವ ಮೊದಲೇ ಮೇಲಧಿಕಾರಿಯ ಒಪ್ಪಿಗೆ ಪಡೆದು ಲ್ಯಾಬಿನ ಒಂದು ಮೂಲೆಯಲ್ಲಿ ಮೊಳಕೆ ರಾಗಿಯಿಂದ ಬಿಯರು ಮಾಡಿ ನೋಡಿದ್ದೆ. ಸ್ವಲ್ಪ ಹುಳಿ, ಸ್ವಲ್ಪ ಹುರಿಹಿಟ್ಟಿನ ವಾಸನೆ. ನನ್ನ ಹೊಟ್ಟೆ ಅದನ್ನು ತಕರಾರಿಲ್ಲದೆ ಒಪ್ಪಿಕೊಂಡಿತು. ಗೋಧಿ ಬಾರ್ಲಿಯ ನೆರಳೂ ಬೀಳದ ಒಂದು ಸಣ್ಣ ಬ್ರೂವರಿ ಮಾಡಬೇಕೆಂಬ ಆಸೆ ಅಲ್ಲೇ ಹುಟ್ಟಿತು.

ನಮ್ಮದು ಹಲಗೂರಿನಿಂದ ಒಳಕ್ಕೆ ಬರುವ ಬಸ್ಸಿನ ಕೊನೆಯ ನಿಲುಗಡೆ. ಗಂಡ ಹಲಗೂರಿನ ಶಾಲೆಯೊಂದರಲ್ಲಿ ಮೇಷ್ಟ್ರು. ಪಕ್ಕದ ಮನೆಯಲ್ಲಿ ಅವರ ಅಣ್ಣ, ಅಂದರೆ ನನ್ನ ಬಾವ, ಮತ್ತು ನನ್ನ ವಾರಗಿತ್ತಿ. ಬಾವ ಗಾರೆ ಕೆಲಸದವರು. ವಾರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. ಹೆಂಗಸರ ಸ್ವಸಹಾಯ ಸಂಘಕ್ಕೆ ಅವಳೇ ಅಧ್ಯಕ್ಷೆ. ನಮ್ಮ ಕೇರಿಯವರು ನಮ್ಮ ಮಾವನವರ ಕಾಲದಲ್ಲೇ ಬೌದ್ಧರಾದವರು. ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸೇರಿ ಪಂಚಶೀಲ ಹೇಳುತ್ತೇವೆ, ಅಕ್ಕ ಹೇಳಿಕೊಡುತ್ತಾಳೆ.

ಊರ ಹೊರಗೆ ಒಂದು ಆಲೆಮನೆಯಿತ್ತು. ಕಬ್ಬೆಲ್ಲ ಲಾರಿ ಹತ್ತಿ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಅಲ್ಲಿ ಬೆಲ್ಲ ಕಾಯಿಸುವುದು ನಿಂತು, ಹೆಂಚು ಉದುರಿ, ಒಳಗೆ ಎಕ್ಕದ ಗಿಡ ಬೆಳೆದಿತ್ತು. ಅದರ ಯಜಮಾನರು ದೊಡ್ಡ ಕೇರಿಯವರು. ನಮ್ಮ ಕೇರಿಯ ಸೊಸೆಗೆ ಅವರು ಆ ಜಾಗ ಬಿಟ್ಟುಕೊಡುತ್ತಾರೆಂದು ನಾನು ಎಣಿಸಿರಲಿಲ್ಲ. ಸುಮ್ಮನೆ ಕೇಳಿ ಬರೋಣ ಎಂದು ಗಂಡ ಹೊರಟಾಗ ನಾನೂ ಹೋದೆ. ಯಜಮಾನರು ಜಗಲಿಯ ಮೇಲೆ ಕೂರಿಸಿ, ಕಾಯಿಲೆಯ ಕತೆಯನ್ನೆಲ್ಲ ಕೇಳಿಸಿಕೊಂಡು, ಹಾಳು ಬೀಳುವುದಕ್ಕಿಂತ ಯಾರಾದರೂ ಒಲೆ ಹಚ್ಚಲಿ ಎಂದು ಕೀಲಿ ಕೊಟ್ಟರು.

ಅದಾದ ಮೇಲೆ ಎಲ್ಲ ನನ್ನ ಕೈ ಮೀರಿದ ವೇಗದಲ್ಲಿ ನಡೆಯಿತು. ಬಾವ ಗೋಡೆ ಎತ್ತಿ ನೆಲಕ್ಕೆ ಗಾರೆ ಹಾಕಿದರು. ಹೆಂಚು ಹೊದಿಸುವ ದಿನ ಎರಡೂ ಕೇರಿಯವರು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸಿದರು. ಅಂಥದ್ದನ್ನು ಆ ಊರಿನಲ್ಲಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಡೇರಿಯವರು ಮಾರಿದ ಹಳೆಯ ಸ್ಟೀಲಿನ ಹಾಲಿನ ಟ್ಯಾಂಕುಗಳು ಟ್ರ್ಯಾಕ್ಟರಿನಲ್ಲಿ ಬಂದವು. ಊರ ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುವುದರಿಂದ ರಾಗಿ ಒಡೆಯಲು ಬೇರೆಯೇ ಯಂತ್ರ ಇಟ್ಟೆವು. ಮೊಳಕೆ ಕಟ್ಟುವ ಕೆಲಸವನ್ನು ಅಕ್ಕನ ಸಂಘ ವಹಿಸಿಕೊಂಡಿತು. ಹೆಂಗಸರು ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದ ಮೇಲೆ ತಂದು ಆಲೆಮನೆಯ ಅಂಗಳದಲ್ಲಿ ಒಣಗಿಸಿ, ಉಜ್ಜಿ, ತೂರುತ್ತಿದ್ದರು. ಗಂಡನ ಚಿಕ್ಕಪ್ಪ ನನ್ನನ್ನು ಒಂದು ಮಾತೂ ಕೇಳದೆ ಆ ವರ್ಷ ಕಬ್ಬಿನ ಹೊಲಕ್ಕೆ ರಾಗಿ ಬಿತ್ತಿ, ಎಲ್ಲ ನಿನಗೇ ಎಂದು ಬಂದು ಹೇಳಿದರು. ಸಂತೋಷದ ಜೊತೆಗೆ ಎದೆಯ ಮೇಲೆ ಏನೋ ಇಟ್ಟ ಹಾಗಾಯಿತು.

ಬಿಯರು ಎಂದೇ ನಾನು ಮೊದಲಿನಿಂದ ಎಲ್ಲರಿಗೂ ಹೇಳಿದ್ದೆ. ಆದರೆ ಕಾಯಿಲೆಯ ಕತೆ, ರಾಗಿ, ಗ್ಲುಟೆನ್ ಎಲ್ಲ ಸೇರಿ ಊರವರ ಬಾಯಲ್ಲಿ ಅದು ಹೊಟ್ಟೆನೋವಿನ ಔಷಧಿಯಾಗಿ ತಿರುಗುತ್ತಿತ್ತು. ಅಬಕಾರಿ ಇಲಾಖೆಯ ಪರವಾನಗಿ ಬಂದು, ಅದರ ಬೋರ್ಡನ್ನು ಬಾಗಿಲ ಮೇಲೆ ಹೊಡೆದ ದಿನ ಆ ಮಾತಿಗೆ ಜಾಗ ಉಳಿಯಲಿಲ್ಲ. ಮಾರನೆಯ ದಿನ ಒಬ್ಬ ಹೆಂಗಸೂ ರಾಗಿಯ ಗಂಟು ತರಲಿಲ್ಲ. ಸಂಜೆ ನನ್ನನ್ನು ಸಮುದಾಯ ಭವನಕ್ಕೆ ಕರೆಸಿದರು.

ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದರು. ಅವರಲ್ಲಿ ಗಂಡಸರ ಕುಡಿತದ ಪೆಟ್ಟು ತಿನ್ನದವರು ಕಡಿಮೆ. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಗೋದಿ, ಬಾರ್ಲಿ ಅವೆಲ್ಲ ಬುಡು. ಇದು ಎಂಡವೋ ಅಲ್ವೋ, ಅದೊಂದ್ ಏಳು."

"ಹೆಂಡಾನೇ ಅಕ್ಕ. ಅಮಲು ಬರುತ್ತೆ. ಕಮ್ಮಿ, ಆದ್ರೂ ಬರುತ್ತೆ."

ಎಲ್ಲರೂ ಎದ್ದು ಹೋಗುತ್ತಾರೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಆ ಕ್ಷಣ ಒಂದು ಬಗೆಯ ಹಗುರವೂ ಆಯಿತು. ಆದರೆ ಅವರು ಎದ್ದು ಹೋಗಲಿಲ್ಲ. ಕತ್ತಲಾಗುವವರೆಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಲೆಮನೆಯ ಕೆಲಸ ನಿಂತರೆ ದೊಡ್ಡ ಕೇರಿಯವರ ಮುಂದೆ ನಮ್ಮ ಕೇರಿ ತಲೆ ತಗ್ಗಿಸಬೇಕಾಗುತ್ತದೆ ಎಂದಳು ಒಬ್ಬಳು. ಮೊಳಕೆ ಕೆಲಸದ ಕೂಲಿಯನ್ನು ನಂಬಿಯೇ ಮಗಳನ್ನು ಕಾಲೇಜಿಗೆ ಸೇರಿಸಿದ್ದೇನೆ ಎಂದಳು ಇನ್ನೊಬ್ಬಳು. ಕೊನೆಗೆ ಅಕ್ಕ ನನ್ನ ಕಡೆ ತಿರುಗಿದಳು.

"ನಿನ್ ಕೆಲ್ಸಕ್ಕೆ ಕೈ ಆಕ್ತೀವಿ ಕಣವ್ವ. ಆದ್ರೆ ಒಂದ್ ತೊಟ್ಟೂ ನಮ್ಮೂರಲ್ಲಿ ಇಳೀಬಾರ್ದು. ಯಾರ್ ಗಂಟ್ಲಲ್ಲೂ. ನಿನ್ ಗಂಟ್ಲಲ್ಲೂವೆ."

"ರುಚಿ ನೋಡದೆ ಹೇಗಕ್ಕ ಮಾಡ್ಲಿ?"

"ಬಾಯ್ಗಾಕು, ಉಗಿ."

ಒಪ್ಪಿಕೊಂಡೆ. ಒಪ್ಪದೆ ಇರಲು ದಾರಿಯಿರಲಿಲ್ಲ.

ಮೊದಲ ತೊಟ್ಟಿಯೇ ಕೆಟ್ಟಿತು. ರಾಗಿಗೆ ಬಾರ್ಲಿಯ ಹಾಗೆ ನೀರು ಸೋಸಿ ಇಳಿಯಲು ಸಂದು ಕೊಡುವ ಹೊಟ್ಟು ಇಲ್ಲ. ಬಿಸಿನೀರಿನಲ್ಲಿ ಕಲಸಿದ ಹಿಟ್ಟು ಅಂಬಲಿಯಂತೆ ಗಟ್ಟಿಯಾಗಿ ಜರಡಿಯ ಮೇಲೆ ಕೂತುಬಿಟ್ಟಿತು. ಮುಂದಿನ ಸಲ ತೊಳೆದ ಬತ್ತದ ಹೊಟ್ಟನ್ನು ಬೆರೆಸಿದೆ. ತಿಳಿಯಾದ ಕಂದು ನೀರು ಸಣ್ಣ ಧಾರೆಯಾಗಿ ಇಳಿಯಿತು. ಯೀಸ್ಟು ಹಾಕಿ, ಹುದುಗು ಬಂದು, ತಣ್ಣಗಾಗಿ, ಕೊನೆಗೊಂದು ದಿನ ಲೋಟಕ್ಕೆ ಬಿಟ್ಟುಕೊಂಡೆ. ವರ್ಷಗಳಿಂದ ಕಾದದ್ದು ಅದಕ್ಕಾಗಿ. ಬಾಯಿಗೆ ಹಾಕಿಕೊಂಡೆ, ಚೆನ್ನಾಗಿತ್ತು. ಬಚ್ಚಲಿಗೆ ಉಗಿದೆ. ಬಾಗಿಲ ಹೊರಗೆ ಹೆಂಗಸರು ರಾಗಿ ತೂರುವ ಸದ್ದು ಕೇಳುತ್ತಿತ್ತು.

ಮೈಸೂರಿನಿಂದ ವ್ಯಾನು ಬಂದು ಪೀಪಾಯಿಗಳನ್ನು ಒಯ್ಯತೊಡಗಿತು. ನನ್ನಂಥದ್ದೇ ಕಾಯಿಲೆಯವರು ಎಲ್ಲೆಲ್ಲಿಂದಲೋ ಫೋನ್ ಮಾಡುತ್ತಿದ್ದರು. ಒಬ್ಬರು ಮದುವೆಯಲ್ಲಿ ಸ್ನೇಹಿತರ ಜೊತೆ ಲೋಟ ಎತ್ತಿ ಹತ್ತು ವರ್ಷವಾಗಿತ್ತು ಎಂದು ಹೇಳಿ ಅತ್ತುಬಿಟ್ಟರು. ಅಂಥ ದಿನಗಳಲ್ಲಿ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಭಾನುವಾರ ಬಂದರೆ ಹಾಗನ್ನಿಸುತ್ತಿರಲಿಲ್ಲ. ಪಂಚಶೀಲದ ಐದನೆಯದು ಅಮಲೇರಿಸುವುದರಿಂದ ದೂರವಿರುತ್ತೇನೆಂಬ ಮಾತು. ಅಕ್ಕ ಅದನ್ನು ಹೇಳಿಕೊಡುವಾಗ ದನಿಯನ್ನು ಏರಿಸುತ್ತಲೂ ಇರಲಿಲ್ಲ, ಇಳಿಸುತ್ತಲೂ ಇರಲಿಲ್ಲ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನಾನು ಕೈಮುಗಿದುಕೊಂಡು ತುಟಿ ಮಾತ್ರ ಆಡಿಸುತ್ತಿದ್ದೆ. ಹೋಗದೆ ಇರಬಹುದಿತ್ತು. ಆದರೆ ನಾನು ಹೋಗದಿದ್ದರೆ ಎಲ್ಲರೂ ನನ್ನ ಬಗ್ಗೆಯೇ ಯೋಚಿಸುತ್ತಾರೆ ಎಂದು ಹೋಗುತ್ತಿದ್ದೆ.

ಸಂಜೆಯಾದರೆ ಬೇರೆ ಕಷ್ಟ. ಗೋಡೆ ಕಟ್ಟಿದ, ಹೆಂಚು ಹೊತ್ತ ಗಂಡಸರು ನಾಲ್ಕೈದು ಜನ ಆಲೆಮನೆಯ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಬೀಡಿ ಸೇದುತ್ತ ಮಳೆಯ ಮಾತು, ನಾಲೆ ನೀರಿನ ಮಾತು ಆಡುತ್ತಿದ್ದರು. ನನಗೆ ಒಳಗೆ ಕೆಲಸ ಮಾಡಲಾಗುತ್ತಿರಲಿಲ್ಲ, ಅವರನ್ನು ದಾಟಿ ಮನೆಗೂ ಹೋಗಲಾಗುತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು, ಅವರು ಎದ್ದು ಹೋಗುವವರೆಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಒಂದು ಸಂಜೆ ಬಾವ ಒಬ್ಬರೇ ಬಂದು ಬಾಗಿಲು ತಟ್ಟಿದರು. ಅವರು ನನ್ನ ಜೊತೆ ನೇರವಾಗಿ ಮಾತಾಡುವುದೇ ಅಪರೂಪ. ನೆಲ ನೋಡುತ್ತಾ ಕೇಳಿದರು.

"ನಾನ್ ಕಟ್ಟಿದ್ ಗೋಡೆ ಒಳ್ಗೆ ಏನಾಯ್ತದೆ ಅಂತ ಒಂದ್ ಗುಟ್ಕು ನೋಡೋ ಅಕ್ಕು ನನ್ಗಿಲ್ವೇನವ್ವ?"

ಇಲ್ಲ ಎನ್ನುವ ಹಾಗೂ ಇರಲಿಲ್ಲ, ಇದೆ ಎನ್ನುವ ಹಾಗೂ ಇರಲಿಲ್ಲ. ಅವರ ಕುಡಿತದಿಂದ ಅಕ್ಕ ಪಟ್ಟದ್ದನ್ನು ಪಕ್ಕದ ಮನೆಯಲ್ಲಿ ಕೂತು ಕೇಳಿದವಳು ನಾನು. ಯೋಚಿಸಿ, ಯೀಸ್ಟು ಹಾಕುವುದಕ್ಕೆ ಮುಂಚಿನ ಸಿಹಿನೀರನ್ನು, ಅದರಲ್ಲಿ ಅಮಲಿರುವುದಿಲ್ಲವೆಂದು ಹೇಳಿಯೇ, ಒಂದು ಲೋಟ ತುಂಬಿ ಕೊಟ್ಟೆ. ಬಾವ ಮೂಸಿ ನೋಡಿದರು, ಒಂದು ಗುಟುಕು ಕುಡಿದರು. ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು.

"ಎಳೆಮಗೀಗೆ ಕೊಡೋದ ನನ್ಗ್ ಕೊಡ್ತೀಯ," ಎಂದರು.

ಅವತ್ತಿನಿಂದ ಅವರು ಕಟ್ಟೆಗೆ ಬರುವುದನ್ನು ನಿಲ್ಲಿಸಿದರು. ನಮ್ಮ ಮನೆಗೆ ಬರುವುದನ್ನೂ ನಿಲ್ಲಿಸಿದರು. ನಡುಗೋಡೆಯ ಆಚೆ ಅವರು ಕೆಮ್ಮುವುದು ಮಾತ್ರ ಕೇಳುತ್ತಿತ್ತು. ಅಕ್ಕನಿಗೆ ವಿಷಯ ಗೊತ್ತಾಯಿತು, ಹೇಗೆ ಗೊತ್ತಾಯಿತೋ ನಾನು ಕೇಳಲಿಲ್ಲ. ಅವಳು ಒಂದು ಬಟ್ಟಲು ಹುರುಳಿ ಬಸ್ಸಾರು ತಂದಿಟ್ಟು, ಇಂಗು ಹಾಕಿಲ್ಲ ಎಂದಷ್ಟೇ ಹೇಳಿ ಹೋದಳು.

ಅದೇ ಹೊತ್ತಿಗೆ ಬೇರೆ ರಾಜ್ಯದ ಕಂಪನಿಯೊಂದು ನನ್ನನ್ನು ಕರೆಯಿತು. ಇಂಥದ್ದೇ ಬ್ರೂವರಿ, ಇದರ ಇಪ್ಪತ್ತರಷ್ಟು ದೊಡ್ಡದು, ನನಗೆ ಸ್ವಂತ ಲ್ಯಾಬು. ಗಂಡನಿಗೆ ಮಾತ್ರ ಹೇಳಿದೆ. ಹೋಗುವುದಾದರೆ ತಾನೂ ಶಾಲೆಗೆ ದೀರ್ಘ ರಜೆ ಹಾಕಿ ಬರುತ್ತೇನೆ ಎಂದರು ಅವರು. ಆ ವಾರವೆಲ್ಲ ನಾನು ಮನಸ್ಸಿನಲ್ಲೇ ಊರು ಬಿಡುತ್ತಿದ್ದೆ. ಪ್ರತಿ ಸಲವೂ ಚಿಕ್ಕಪ್ಪನ ಹೊಲದ ಹತ್ತಿರ ಬಂದು ನಿಂತುಬಿಡುತ್ತಿದ್ದೆ. ತೆನೆ ಬಾಗಿದ ರಾಗಿ, ಎಲ್ಲ ನನಗೇ. ಆಗುವುದಿಲ್ಲವೆಂದು ಕಂಪನಿಗೆ ತಿಳಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೂ ಅನ್ನಿಸಲಿಲ್ಲ.

ಗಂಡನಿಗೆ ನನ್ನ ಬಾಡಿದ ಮುಖ ನೋಡಲಾಗಲಿಲ್ಲವೋ ಏನೋ, ಒಂದು ಶನಿವಾರ ಮಧ್ಯಾಹ್ನ ಬೈಕಿನಲ್ಲಿ ಮದ್ದೂರು ದಾಟಿಸಿ ಸೋಮನಹಳ್ಳಿಯ ಕಡೆ ಕರೆದೊಯ್ದರು. ಹೆದ್ದಾರಿಯಿಂದ ಒಳಗಿದ್ದ ಹೋಟೆಲೊಂದರಲ್ಲಿ ನನ್ನ ಬಿಯರು ಮಾರುತ್ತಿದ್ದರು. ಕಿಟಕಿಯ ಪಕ್ಕ ಕೂತು ನಾನು ಮಾಡಿದ್ದನ್ನು ನಾನೇ ಕೊಂಡು ಕುಡಿದೆ. ಮೊದಲ ಸಲ ಅದು ಗಂಟಲಿನಲ್ಲಿ ಇಳಿಯಿತು. ಗಂಡ ಹೇಗಿದೆ ಎಂದು ಕೇಳಿದರು. ನಾನು ಆಗಲೇ ಕಿಟಕಿಯಾಚೆ ರಸ್ತೆಯಲ್ಲಿ ನಿಂತ ಬಸ್ಸಿನಿಂದ ಇಳಿಯುವವರ ಮುಖಗಳನ್ನು ನೋಡುತ್ತಿದ್ದೆ, ನಮ್ಮೂರವರು ಯಾರಾದರೂ ಇದ್ದಾರೆಯೇ ಎಂದು. ಲೋಟವನ್ನು ಕಾಲ ಹತ್ತಿರ ಕೆಳಗಿಟ್ಟುಕೊಂಡಿದ್ದೆ. ಅರ್ಧ ಹಾಗೇ ಉಳಿಯಿತು.

ಮುಂಗಾರಿಗೆ ಮೊದಲು ಬೀಸಿದ ಗಾಳಿಮಳೆಗೆ ಆಲೆಮನೆಯ ಹೆಂಚು ಹಾರಿತು. ಹುದುಗು ಬರುತ್ತಿದ್ದ ಟ್ಯಾಂಕಿನ ಪಕ್ಕಕ್ಕೇ ನೀರು ಸುರಿಯುತ್ತಿತ್ತು. ಬಾವನನ್ನು ಕೇಳುವ ಮುಖ ನನಗಿರಲಿಲ್ಲ. ಬೇರೆ ಗಾರೆಯವರನ್ನು ಕರೆದರೆ ಅವರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಟಾರ್ಪಾಲು ಕಟ್ಟಿ ಬೆಳಗು ಮಾಡಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಬಾವ ಏಣಿ ಹೊತ್ತು ಬರುತ್ತಿದ್ದರು. ಏಣಿ ನಿಲ್ಲಿಸಿ, ನಾನು ಹಿಡಿದುಕೊಂಡದ್ದನ್ನು ನೋಡಿ ಮೇಲೆ ಹತ್ತಿದರು. ನಾನು ಕೆಳಗಿನಿಂದ ಒಂದೊಂದೇ ಹೆಂಚು ಎತ್ತಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಅವರು ಇಳಿದು ಕೈ ತೊಳೆದುಕೊಳ್ಳುವಾಗ ನಾನು ಕೂಲಿಯ ಮಾತೆತ್ತಿದೆ. ಕೊಟ್ಟು ಮುಗಿಸಿದರೆ ಸ್ವಲ್ಪ ಉಸಿರಾಡಬಹುದು ಎಂಬ ಆಸೆ ನನಗೆ.

ಬಾವ ಟವೆಲಿನಿಂದ ಮುಖ ಒರೆಸಿಕೊಂಡರು.

"ಕೂಲಿ ಇಸ್ಕಂಡ್ರೆ ಇದು ನಿಂದಾಯ್ತದೆ ಕಣವ್ವ," ಎಂದರು. "ನಂದೂ ಆಗಿರ್ಲಿ ಬುಡು."

ಕೋಪದಿಂದ ಹೇಳಿದ ಮಾತಲ್ಲ. ಪ್ರೀತಿಯಿಂದಲೇ ಹೇಳಿದರು ಅನ್ನಿಸುತ್ತದೆ. ಏಣಿ ಹೆಗಲಿಗೇರಿಸಿ ಹೋದರು. ಆಮೇಲೆ ನಮ್ಮ ಮನೆಗೆ ಬರತೊಡಗಿದರು, ಮತ್ತೆ ಯಾವತ್ತೂ ಗುಟುಕು ಕೇಳಲಿಲ್ಲ. ಕುಡಿಯಬೇಕೆನಿಸಿದರೆ ಹಲಗೂರಿಗೆ ಹೋಗುತ್ತಾರೆ.

ಅವರು ಹೋದ ಸ್ವಲ್ಪ ಹೊತ್ತಿಗೆ ಹೆಂಗಸರು ಒದ್ದೆ ಗಂಟುಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಅಂಗಳ ಕೆಸರಾಗಿತ್ತು, ಹರವಲು ಜಾಗವಿರಲಿಲ್ಲ. ಅಕ್ಕ ಒಳಗೆ ಬರಲೇ ಎಂಬಂತೆ ಹೊಸ್ತಿಲ ಮೇಲೆ ನಿಂತಳು. ಪರವಾನಗಿಯ ಬೋರ್ಡು ಬಂದ ಮೇಲೆ ಅವಳು ಆ ಹೊಸ್ತಿಲು ದಾಟಿರಲಿಲ್ಲ. ಟ್ಯಾಂಕುಗಳ ನಡುವೆ ಒಣನೆಲ ತೋರಿಸಿದೆ. ಅವಳು ಸೆರಗನ್ನು ಮೂಗಿಗೆ ಹಿಡಿದುಕೊಂಡು ಒಳಗೆ ಬಂದು ಬಟ್ಟೆ ಹಾಸಿ, ಬಗ್ಗಿ ರಾಗಿ ಹರವತೊಡಗಿದಳು. ಬಟ್ಟೆಯ ಇನ್ನೊಂದು ತುದಿಯನ್ನು ನಾನು ಹಿಡಿದೆ.